ಹೊಗೆಯ ದಾರಿಯನ್ನು ಕಾಯುವವರಾರು?

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಪ್ರತಿವರ್ಷವೂ ಆರೋಗ್ಯಕ್ಕೆಂದು ಕೆಲವು ಪುಟಗಳು ಮೀಸಲಾಗಿರುತ್ತವೆ. ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳನ್ನು ಕುರಿತು ವೈದ್ಯಮಿತ್ರರು ಬರೆದುದನ್ನು ನಾವೆಲ್ಲರೂ ಶ್ರದ್ಧೆಯಿಂದ ಓದಿ, ಮರುದಿನವೇ ಸಂದೇಶದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಮನೆಗೆ ಬರುತ್ತೇವೆ. ವಾಣಿಜ್ಯ ಪದವೀಧರನಾಗಿ, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆದಿರುವ ನನಗೆ ಆ ಪುಟಗಳಲ್ಲಿ ಸ್ಥಳ ಕೇಳುವ ಅರ್ಹತೆಯಿಲ್ಲ. ಆದರೂ ಈ ವರ್ಷ ಸಂಪಾದಕರನ್ನು ಕೇಳಿ ಪಡೆದಿದ್ದೇನೆ. ನನ್ನ ವಿಷಯ ದೇಹದ ಒಳಗಿನದಲ್ಲ; ಮನೆಯ ಗೋಡೆಯ ಒಳಗಿನದು. ಒಲೆಯ ಹೊಗೆ ಮನೆಯಿಂದ ಹೊರಗೆ ಹೋಗುವ ದಾರಿಯನ್ನು ಕುರಿತದ್ದು. ಆ ದಾರಿಯನ್ನು ಕೆಲಸ ಬಲ್ಲವನೊಬ್ಬನಿಂದ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ಶುಚಿಗೊಳಿಸಬೇಕೆಂಬುದೂ, ಅದಕ್ಕಾಗಿ ಹಣ ಖರ್ಚು ಮಾಡುವುದರಲ್ಲಿ ಜಿಪುಣತನ ಸಲ್ಲದೆಂಬುದೂ ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಸುಲಭವಾಗಿ ಬಂದವನಲ್ಲ. ಅದರ ಬೆಲೆಯನ್ನು ನನ್ನ ತಾಯಿ ತೆರಬೇಕಾಗಿತ್ತು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಮನೆಯಲ್ಲಿ. ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಹಗಲಿರುಳೂ ಆರದ ಒಲೆ. ಮಳೆಗಾಲದಲ್ಲಿ ಹಸಿಸೌದೆಯ ಹೊಗೆ ಕಣ್ಣಿಗೆ ಇರಿದಂತಾಗುತ್ತಿತ್ತು. ಅಡಿಗೆಮನೆಯ ಅಟ್ಟದ ಅಡಿಯಲ್ಲಿ ವರ್ಷಗಟ್ಟಲೆ ಕಟ್ಟಿದ ಇಲ್ಲಣ ಕಪ್ಪು ಜಡೆಯಂತೆ ಜೋಲಾಡುತ್ತಿತ್ತು. ಆದರೆ ಹೆಂಚಿನ ಮಾಡಿನ ಸಂದುಗಳಲ್ಲಿ, ಗೋಡೆಯ ಮೇಲಿನ ಹೊಗೆಗಂಡಿಯಲ್ಲಿ ಹೊಗೆ ಹೇಗೋ ಹೊರಗೆ ಹೋಗುತ್ತಿತ್ತು. ದೀಪಾವಳಿಯ ತ್ರಯೋದಶಿಯಂದು ನೀರು ತುಂಬುವ ಹಬ್ಬ. ಅದಕ್ಕೆ ಒಂದೆರಡು ದಿನ ಮೊದಲೇ ನನ್ನ ಅಜ್ಜಿ ಆಳನ್ನು ಕರೆಸಿ, ಉದ್ದನೆಯ ಕೋಲಿಗೆ ಹಿಡಿಕಟ್ಟಿ ಇಲ್ಲಣವನ್ನು ಬಡಿಸಿ, ಹೊಗೆಗಂಡಿಯಲ್ಲಿದ್ದ ಗೂಡುಗಳನ್ನು ತೆಗೆಸಿ, ಒಲೆಯ ಬೂದಿಯನ್ನು ಬಳಿಸಿ, ಹುಣಿಸೆಹಣ್ಣಿನಲ್ಲಿ ಹಂಡೆಯನ್ನು ಬೆಳಗಿಸುತ್ತಿದ್ದರು. ಬಳಿಕವೇ ಹಂಡೆಯ ಕೊರಳಿಗೆ ಬಳ್ಳಿ ಸುತ್ತಿ ಹೊಸನೀರು ತುಂಬುವುದು. ಆಗ ಅದು ಬರಿಯ ಮಡಿ ಮತ್ತು ಶಾಸ್ತ್ರವೆಂದು ತೋರುತ್ತಿತ್ತು. ಈಗ ಯೋಚಿಸಿದರೆ, ಬ್ಯಾಂಕಿನಲ್ಲಿ ನಾವು ಯಾವುದನ್ನು ವಾರ್ಷಿಕ ತಪಾಸಣೆ ಎನ್ನುತ್ತೇವೆಯೋ ಅದನ್ನೇ ಪಂಚಾಂಗದ ಒಂದು ತಿಥಿಗೆ ಕಟ್ಟಿಹಾಕಿದ್ದರು. ಮರೆಯುವಂತೆಯೇ ಇರಲಿಲ್ಲ.

ಕೋಲ್ಕತ್ತೆಗೆ ವರ್ಗವಾಗಿ ಬಂದು ಭವಾನೀಪುರದ ಹಳೆಯ ಮನೆಯೊಂದರ ಎರಡನೆಯ ಅಂತಸ್ತಿನಲ್ಲಿ ಬಾಡಿಗೆಗೆ ನಿಂತಾಗ, ನಡುಮನೆಯಲ್ಲಿ ಅಮೃತಶಿಲೆಯ ಚೌಕಟ್ಟಿನ ಅಗ್ಗಿಷ್ಟಿಕೆಯೊಂದನ್ನು ಕಂಡು ಬೆರಗಾದೆ. ಈ ಊರಿನ ಚಳಿಗೆ ಅದೇಕೆ? ಡಿಸೆಂಬರ್, ಜನವರಿಗಳ ನಾಲ್ಕಾರು ವಾರ ಬಿಟ್ಟರೆ ಇಲ್ಲಿ ಬೇಕಾಗುವುದು ಬೀಸಣಿಗೆಯೇ. ಕಟ್ಟಿಸಿದವರಿಗೆ ವಿಲಾಯಿತಿಯ ಮನೆಯ ನೆನಪೊಂದು ಬೇಕಾಗಿತ್ತೇನೋ. ಅದರ ಬಾಯಿಗೆ ಬಹುಕಾಲದ ಹಿಂದೆಯೇ ಇಟ್ಟಿಗೆ ಕಟ್ಟಿ ಸುಣ್ಣ ಬಳಿದಿದ್ದರು. ಮೇಲಿನ ಚಾಚುಗಲ್ಲಿನ ಮೇಲೆ ಲಕ್ಷ್ಮಿಯ ಪಟ. ಕೆಳಗಿನ ಮನೆಯ ವೃದ್ಧರು, ಎಲ್ಲರೂ ಅವರನ್ನು ದಾದು ಎನ್ನುತ್ತಿದ್ದರು, ತಮ್ಮ ಬಾಲ್ಯದ ಸಂಜೆಗಳನ್ನು ವರ್ಣಿಸುತ್ತಿದ್ದರು. ಪ್ರತಿ ಮನೆಯವರೂ ಕಬ್ಬಿಣದ ಬಕೆಟ್ಟಿಗೆ ಮಣ್ಣು ಮೆತ್ತಿ ಮಾಡಿದ ‘ಉನುನ್’ ಎಂಬ ಒಲೆಯನ್ನು ಬೀದಿಗೆ ತಂದಿಟ್ಟು, ಬೆರಣಿ ಮತ್ತು ಕಲ್ಲಿದ್ದಲಿನಿಂದ ಹೊತ್ತಿಸುತ್ತಿದ್ದರಂತೆ. ಕಲ್ಲಿದ್ದಲಿನ ಪುಡಿಗೆ ಮಣ್ಣು, ಸೆಗಣಿ ಕಲಸಿ ತಾರಸಿಯಲ್ಲಿ ಒಣಗಿಸಿದ ‘ಗುಲ್’ ಎಂಬ ಉಂಡೆಗಳು ಬಡವರ ಇಂಧನ. ಆರು ಗಂಟೆಯ ಹೊತ್ತಿಗೆ ಓಣಿಯ ಆಚೆಯ ಮನೆ ಕಾಣುತ್ತಿರಲಿಲ್ಲ. ಹೊಗೆ ತಗ್ಗಿ, ಕೆಂಡ ಕೆಂಪಾದ ಮೇಲೆ ಒಲೆಯನ್ನು ಒಳಗೆ ಒಯ್ಯುವುದು. ಕೆಂಡದಲ್ಲಿ ಹೊಗೆಯಿಲ್ಲದಿದ್ದರೂ ವಿಷವಿರುತ್ತದೆ ಎಂಬುದನ್ನು ಅಂದು ತಿಳಿದವರು ಕಡಿಮೆ.

ಸರಕಾರಕ್ಕೆ ಈ ಹೊಗೆಯ ಅರಿವಿರಲಿಲ್ಲವೆಂದಲ್ಲ. ಕಲ್ಕತ್ತಾ ಮತ್ತು ಹೌರಾಗಳಿಗಾಗಿ 1863ರಷ್ಟು ಹಿಂದೆಯೇ ಹೊಗೆಯ ಉಪದ್ರವವನ್ನು ತಡೆಯುವ ಶಾಸನವಾಗಿತ್ತು. 1905ರಲ್ಲಿ ಬಂಗಾಳದ ಹೊಗೆ ಉಪದ್ರವ ಶಾಸನ ಬಂದಿತು. ಸೆಣಬಿನ ಗಿರಣಿಗಳ ಚಿಮಣಿಗಳು ಎಷ್ಟು ಕಪ್ಪಾಗಿ ಹೊಗೆ ಉಗುಳಬಹುದೆಂದು ನೋಡಲು ಅಧಿಕಾರಿಗಳಿದ್ದರು. ಮನೆಯ ಒಲೆ ಮಾತ್ರ ಅವರ ಕಣ್ಣಿಗೆ ಹೊರತಾಗಿತ್ತು. ಗೃಹಕೃತ್ಯದಲ್ಲಿ ಕಾನೂನು ಕೈಹಾಕಬಾರದೆಂಬ ವಿವೇಕ ಅದರಲ್ಲಿ ಇದ್ದಿರಬಹುದು. ಆದರೆ ಗಿರಣಿಯ ಹೊಗೆ ಆಕಾಶಕ್ಕೆ ಹೋಯಿತು, ಮನೆಯ ಹೊಗೆ ಹೆಂಗಸರ ಎದೆಗೆ ಹೋಯಿತು. 1965ರಲ್ಲಿ ಇಂಡೇನ್ ಅಡಿಗೆ ಅನಿಲದ ಮೊದಲ ಸಂಪರ್ಕ ದೊರೆತದ್ದು ಇದೇ ನಗರದಲ್ಲಿ. ಕ್ರಮೇಣ ಉನುನ್‌ಗಳು ಮರೆಯಾದವು, ಸಂಜೆಯ ಹೊಗೆ ತೆಳುವಾಯಿತು. ಹೊಗೆ ಕಾಣದೆ ಹೋದದ್ದರಿಂದ ಹೊಗೆಯ ದಾರಿಯನ್ನು ಕಾಯುವ ಎಚ್ಚರವೂ ನಮ್ಮಿಂದ ಹೋಯಿತು.

ನನ್ನ ಮನೆಯ ಪ್ರಸಂಗವನ್ನು ಈಗ ಹೇಳಬೇಕು. 2019ರ ಜನವರಿ. ಸಂಕ್ರಾಂತಿಗೆಂದು ತಾಯಿ ಊರಿನಿಂದ ಬಂದಿದ್ದರು. ನಮ್ಮ ಬಚ್ಚಲುಮನೆ ಐದಡಿಗೆ ಆರಡಿಯದು. ಹಿಂದಿನ ಬಾಡಿಗೆದಾರರು ಹಾಕಿಸಿ ಬಿಟ್ಟುಹೋಗಿದ್ದ ಅನಿಲದ ಗೀಸರ್ ಒಳಗೋಡೆಯಲ್ಲೇ ಇತ್ತು. ಅದರ ನೆತ್ತಿಯಿಂದ ತಗಡಿನ ನಳಿಕೆಯೊಂದು ಹೊರಟು ಗಾಳಿಬಾವಿಗೆ ತೆರೆದುಕೊಳ್ಳುತ್ತಿತ್ತು. ನವೆಂಬರಿನಲ್ಲಿ ಒಬ್ಬಾತ ಬಂದು ‘ಸರ್ವಿಸ್’ ಮಾಡಿ ಹೋಗಿದ್ದ. ಬೇರೊಬ್ಬರು ಹನ್ನೆರಡು ನೂರು ರೂಪಾಯಿ ಕೇಳಿದ್ದ ಕೆಲಸಕ್ಕೆ ಈತ ಮುನ್ನೂರು ಕೇಳಿದ. ಹೊರಕವಚವನ್ನು ಒರೆಸಿದ, ಬ್ಯಾಟರಿ ಬದಲಿಸಿದ, ಸಲಾಮು ಹೊಡೆದ. ಒಂಬೈನೂರು ರೂಪಾಯಿ ಉಳಿಸಿದೆನೆಂದು ನಾನು ಹೆಂಡತಿಯ ಮುಂದೆ ಬೀಗಿದೆ. ಡೆಂಗ್ಯೂವಿನ ಭಯಕ್ಕೆ ಬಚ್ಚಲ ಕಿಟಕಿಯ ಗಾಜುಪಟ್ಟಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದವನೂ ನಾನೇ. ಸೊಳ್ಳೆಯೂ ಬರಕೂಡದು, ತಾಯಿಗೆ ಚಳಿಯೂ ಆಗಕೂಡದು ಎಂಬುದು ನನ್ನ ಮುಂದಾಲೋಚನೆ.

ಆ ದಿನ ಬೆಳಿಗ್ಗೆ ತಾಯಿ ಎಣ್ಣೆ ಹಚ್ಚಿಕೊಂಡು ತಲೆಗೆರೆದುಕೊಳ್ಳಲು ಹೋದರು. ಕಾಲುಗಂಟೆಯಾದರೂ ನೀರು ಬೀಳುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಬೇರೆ ಸದ್ದಿರಲಿಲ್ಲ. “ಅತ್ತೆ, ಅತ್ತೆ” ಎಂದು ನನ್ನ ಹೆಂಡತಿ ಬಾಗಿಲು ಬಡಿದಳು. ಉತ್ತರವಿಲ್ಲ. ಚಿಲಕವನ್ನು ಮುರಿದು ಒಳಹೊಕ್ಕಾಗ ಅವರು ಗೋಡೆಗೊರಗಿ ಕುಸಿದಿದ್ದರು. ಬಾಯಿ ಓರೆಯಾಗಿತ್ತು, ಕೈ ಅದುರುತ್ತಿತ್ತು. ದಾದುವಿನ ಮೊಮ್ಮಗನೂ ನಾನೂ ಎತ್ತಿಕೊಂಡು ಬಾಲ್ಕನಿಗೆ ತಂದು ಮಲಗಿಸಿದೆವು. ಪಾರ್ಶ್ವವಾಯುವೆಂದೇ ನಾನು ನಿಶ್ಚಯಿಸಿದ್ದೆ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿದ ಆಮ್ಲಜನಕದ ಮಾಪಕ 98 ತೋರಿಸಿತು. ಎಲ್ಲವೂ ಸರಿಯಿದೆಯೆಂದರು. ಮೂರ್ಛೆರೋಗದ ಹಿನ್ನೆಲೆಯಿದೆಯೇ ಎಂದು ಕೇಳಿದರು. ಪಾಳಿಯಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಮಾತ್ರ ನನ್ನತ್ತ ತಿರುಗಿ, “ಸ್ನಾನದ ನೀರನ್ನು ಯಾವುದರಲ್ಲಿ ಕಾಯಿಸುತ್ತೀರಿ?” ಎಂದರು. ಆ ಒಂದು ಪ್ರಶ್ನೆಗೆ ನಾನು ಇಂದಿಗೂ ಋಣಿ. ರಕ್ತಪರೀಕ್ಷೆಯಾಯಿತು, ಮುಖಕ್ಕೆ ಆಮ್ಲಜನಕದ ಮುಸುಕು ಬಂದಿತು. ಎರಡು ದಿನಗಳ ಮೇಲೆ ತಾಯಿ ಮನೆಗೆ ಮರಳಿದರು. ಕೆಲವು ವಾರ ಹೆಸರುಗಳನ್ನು ಮರೆಯುತ್ತಿದ್ದರು, ಅನಂತರ ಸರಿಹೋದರು.

ಅಪರಾಧಿ ಕಾರ್ಬನ್ ಮಾನಾಕ್ಸೈಡ್. ಸೌದೆಯಾಗಲಿ, ಇದ್ದಲಾಗಲಿ, ಅಡಿಗೆ ಅನಿಲವಾಗಲಿ ಸಾಕಷ್ಟು ಗಾಳಿಯಿಲ್ಲದೆ ಅರೆಬರೆಯಾಗಿ ಉರಿದಾಗ ಇದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆದರೆ ಅನಿಲ ಉರಿದಾಗ ಆ ದ್ರವ್ಯವೂ ಉರಿದುಹೋಗುತ್ತದೆ. ವಾಸನೆಯಿಲ್ಲವಾದ್ದರಿಂದ ಅಪಾಯವಿಲ್ಲ ಎಂಬ ನಮ್ಮ ನಂಬಿಕೆ ಇಲ್ಲಿ ಕೈಕೊಡುತ್ತದೆ. ರಕ್ತದ ಹೀಮೋಗ್ಲೋಬಿನ್ನಿಗೆ ಈ ವಿಷದ ಮೇಲಿರುವ ಒಲವು ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಟ್ಟು ಹೆಚ್ಚು. ಸಾಲ ಪಡೆಯುವವನಿಗೆ ಮೀಸಲಿಟ್ಟ ಹಣವನ್ನು ವಂಚಕನೊಬ್ಬ ಮೊದಲೇ ಎತ್ತಿಕೊಂಡು ಹೋದಂತೆ, ಆಮ್ಲಜನಕದ ಸ್ಥಾನವನ್ನು ಇದು ಆಕ್ರಮಿಸುತ್ತದೆ. ಲೆಕ್ಕದ ಪುಸ್ತಕ ನೋಡಿದರೆ ಎಲ್ಲವೂ ತಾಳೆಯಾಗಿರುತ್ತದೆ, ತಿಜೋರಿ ಮಾತ್ರ ಬರಿದು. ಬೆರಳಿನ ಮಾಪಕ 98 ತೋರಿಸಿದ್ದು ಇದೇ ಕಾರಣಕ್ಕೆ. ವಿಷ ತುಂಬಿದ ಹೀಮೋಗ್ಲೋಬಿನ್ನಿಗೂ ಆಮ್ಲಜನಕ ತುಂಬಿದ್ದಕ್ಕೂ ಇರುವ ಭೇದ ಆ ಸಾಮಾನ್ಯ ಯಂತ್ರಕ್ಕೆ ತಿಳಿಯುವುದಿಲ್ಲ. 2020ರ ಮಹಾಮಾರಿಯ ತರುವಾಯ ನಮ್ಮಲ್ಲಿ ಅನೇಕರ ಮನೆಯಲ್ಲಿ ಈ ಮಾಪಕವಿದೆ. ಆದುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸ್ನಾನಕ್ಕೆ ಹೋದವರಿಗೋ, ಮುಚ್ಚಿದ ಕೋಣೆಯಲ್ಲಿ ಬೆಂಕಿಯ ಬಳಿ ಇದ್ದವರಿಗೋ ತಲೆನೋವು, ವಾಕರಿಕೆ, ತಲೆಸುತ್ತು, ಮಂಕು ಕಂಡರೆ ಮಾಪಕವನ್ನು ನೋಡುತ್ತ ಕುಳಿತುಕೊಳ್ಳಬೇಡಿ. ಅವರನ್ನು ಗಾಳಿಗೆ ತನ್ನಿ, ಬೆಂಕಿಯನ್ನು ನಿಲ್ಲಿಸಿ, ಆಸ್ಪತ್ರೆಗೆ ಒಯ್ಯಿರಿ, ಬೆಂಕಿಯಿದ್ದ ಸಂಗತಿಯನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ತೆರೆದ ಗಾಳಿಯಲ್ಲಿ ರಕ್ತದೊಳಗಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು.

ಗೀಸರನ್ನು ಇಳಿಸಿ ನೋಡಿದಾಗ ನಳಿಕೆಯ ತುದಿಯಲ್ಲಿ ಪಾರಿವಾಳದ ಗೂಡು ಸಿಕ್ಕಿತು. ತೆಂಗಿನ ಪೊರಕೆಯ ಕಡ್ಡಿ, ತಂತಿಯ ತುಂಡು, ಗರಿ, ಹಿಕ್ಕೆ. ಉರಿಮುಖದ ತೂತುಗಳಲ್ಲಿ ಮಸಿ. ಸರ್ವಿಸ್ ಮಾಡಿದವನು ನಳಿಕೆಯನ್ನು ಮುಟ್ಟಿಯೇ ಇರಲಿಲ್ಲ. ನಾನೂ ಮುಟ್ಟಿದೆಯಾ ಎಂದು ಕೇಳಿರಲಿಲ್ಲ. ಇಂತಹುದು ನಮ್ಮ ಮನೆಗೆ ಮಾತ್ರ ಬಂದ ವಿಪತ್ತಲ್ಲ. 2023ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಚಿಕ್ಕಬಾಣಾವರದಲ್ಲಿ ಯುವಜೋಡಿಯೊಂದು ಬಚ್ಚಲುಮನೆಯಲ್ಲಿ ಹೀಗೆಯೇ ಪ್ರಾಣ ಕಳೆದುಕೊಂಡ ಸುದ್ದಿಯನ್ನು ಓದಿದಾಗ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೀಸರಿನ ವಿಷದಿಂದ ಬಚ್ಚಲಲ್ಲಿ ಬಿದ್ದವರನ್ನು ಮೂರ್ಛೆರೋಗಿಗಳೆಂದು ಬಗೆದು ಚಿಕಿತ್ಸೆ ಕೊಟ್ಟ ಉದಾಹರಣೆಗಳನ್ನು ನಮ್ಮ ದೇಶದ ನರರೋಗ ತಜ್ಞರು ದಾಖಲಿಸಿದ್ದಾರೆ.

ಹಾಗಾದರೆ ಬಲ್ಲವನು ಯಾರು? ಇಲ್ಲಿ ತುಸು ಇತಿಹಾಸಕ್ಕೆ ಹೋಗಬೇಕಾಗಿದೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಚಿಮಣಿ ಗುಡಿಸಲು ಎಳೆಯ ಮಕ್ಕಳನ್ನೇ ಕಿರಿದಾದ ಗೂಡಿನೊಳಗೆ ಹತ್ತಿಸುತ್ತಿದ್ದರು. ಆ ಮಕ್ಕಳು ದೊಡ್ಡವರಾದಾಗ ಅವರ ವೃಷಣದ ಚರ್ಮದಲ್ಲಿ ಕಾಣಿಸಿಕೊಳ್ಳುತ್ತಿದ್ದ ಅರ್ಬುದಕ್ಕೆ ಮಸಿಯೇ ಕಾರಣವೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದ. ಕಸುಬಿನಿಂದಲೇ ಕ್ಯಾನ್ಸರ್ ಬರಬಹುದೆಂದು ವೈದ್ಯಶಾಸ್ತ್ರ ಗುರುತಿಸಿದ್ದು ಅದೇ ಮೊದಲು. ಆದರೂ ಪಾರ್ಲಿಮೆಂಟು ಒಂದರ ಮೇಲೊಂದು ಶಾಸನ ಮಾಡಿ, ಕೊನೆಗೆ 1875ರಲ್ಲಿ ಚಿಮಣಿ ಕೆಲಸದವರು ಪೊಲೀಸರಿಂದ ಪರವಾನಗಿ ಪಡೆಯಬೇಕೆಂದು ವಿಧಿಸುವವರೆಗೆ, ಎಂದರೆ ನೂರು ವರ್ಷ, ಮಕ್ಕಳು ಚಿಮಣಿ ಹತ್ತುತ್ತಲೇ ಇದ್ದರು. ಜರ್ಮನಿಯಲ್ಲಂತೂ ಚಿಮಣಿ ಕೆಲಸವೆಂದರೆ ಇಂದಿಗೂ ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಾಡುವ ಗೌರವದ ವೃತ್ತಿ. 2012ರ ಅಂತ್ಯದವರೆಗೆ ಒಂದೊಂದು ವಿಭಾಗಕ್ಕೆ ಒಬ್ಬನಿಗೇ ಅಧಿಕಾರವಿತ್ತು. ಬಳಿಕ ಸ್ಪರ್ಧೆಗೆ ಎಡೆಮಾಡಿಕೊಟ್ಟರು. ಆದರೆ ತಪಾಸಣೆಯ ಕಡ್ಡಾಯವನ್ನು ತೆಗೆಯಲಿಲ್ಲ. ಆತ ಬ್ರಷ್ಷಿನೊಂದಿಗೆ ಮಾಪಕವನ್ನೂ ತಂದು, ಅನಿಲದ ಬಾಯ್ಲರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆಯೆಂದು ಅಳೆದು ಬರೆದುಕೊಟ್ಟು ಹೋಗುತ್ತಾನೆ. ನಮ್ಮಲ್ಲಿ ಲಿಫ್ಟಿಗೆ ತಪಾಸಣೆಯಿದೆ, ವಾಹನದ ಹೊಗೆಗೆ ಪ್ರಮಾಣಪತ್ರವಿದೆ. ಮನೆಯೊಳಗಿನ ಹೊಗೆಗೆ ಯಾವ ಪತ್ರವೂ ಇಲ್ಲ.

ಕೊಳ್ಳುವ ಉತ್ಸಾಹ ನೋಡಿಕೊಳ್ಳುವುದರಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ‘ಅಸ್ತ್ರ’ ವಿಭಾಗದವರು ರೂಪಿಸಿದ, ಹೊಗೆನಳಿಕೆಯುಳ್ಳ ‘ಅಸ್ತ್ರ ಒಲೆ’ಯನ್ನು ನಮ್ಮಲ್ಲಿ ಹಿರಿಯರು ಕಂಡಿರಬಹುದು. 1980ರ ದಶಕದಿಂದ 2002ರವರೆಗೆ ಕೇಂದ್ರ ಸರಕಾರವೂ ಸುಧಾರಿತ ಒಲೆಗಳನ್ನು ದೇಶದಾದ್ಯಂತ ಹಂಚಿತು. ನೆರೆಯ ಒಡಿಶಾದಲ್ಲಿ ಇಂತಹ ಒಲೆಗಳನ್ನು ಪಡೆದ ಕುಟುಂಬಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಹೊರಬಂದಿತು. ಅದನ್ನು ಬರೆದವರಲ್ಲಿ ಒಬ್ಬರು ಎಸ್ತರ್ ಡುಫ್ಲೊ. ನಮ್ಮ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಅಭಿಜಿತ್ ಬ್ಯಾನರ್ಜಿಯವರೊಡನೆ 2019ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು. ಮೊದಲ ವರ್ಷ ಹೆಂಗಸರು ಸೇವಿಸುವ ಹೊಗೆ ಕಡಿಮೆಯಾಯಿತು. ಅನಂತರ ಲಾಭ ಕರಗಿಹೋಯಿತು. ಮನೆಯವರು ಒಲೆಯನ್ನು ಕ್ರಮವಾಗಿ ಬಳಸಲಿಲ್ಲ, ದುರಸ್ತಿಯಲ್ಲಿಡಲಿಲ್ಲ. ಬ್ಯಾಂಕಿನವನಾದ ನನಗೆ ಇದು ಚಿರಪರಿಚಿತ ಕಥೆ. ಸಾಲ ಮಂಜೂರು ಮಾಡುವ ದಿನ ಹಾರ ತುರಾಯಿ. ಮಂಜೂರಾದ ಮೇಲೆ ತಪಾಸಣೆಗೆ ಹೋಗಲು ಯಾರಿಗೂ ಪುರುಸೊತ್ತಿಲ್ಲ. ಆಸ್ತಿಗೆ ಸವಕಳಿ ಬರೆಯುತ್ತೇವೆ, ದುರಸ್ತಿಗೆ ನಿಧಿ ಇಡುವುದಿಲ್ಲ.

ಹಳ್ಳಿಯ ಹೆಂಗಸರನ್ನು ದೂರುವ ಹಕ್ಕು ನಮಗಿಲ್ಲ. ನಮ್ಮ ಫ್ಲಾಟುಗಳ ಅಡಿಗೆಮನೆಯ ವಿದ್ಯುತ್ ಚಿಮಣಿಗಳನ್ನು ನೋಡಿ. ಈ ಊರಿಗೆ ಬಂದು ನಾವೂ ಸಾಸಿವೆ ಎಣ್ಣೆಯಲ್ಲಿ ಬೇಗುನ್ ಭಾಜಾ ಕರಿಯಲು ಕಲಿತಿದ್ದೇವೆ. ಎಣ್ಣೆಯ ಆವಿ ಜಾಳಿಗೆಯಲ್ಲಿ, ಮೋಟಾರಿನಲ್ಲಿ, ನಳಿಕೆಯಲ್ಲಿ ಜಿಡ್ಡಾಗಿ ಕೂರುತ್ತದೆ. ಜಿಡ್ಡು ಕಟ್ಟಿದ ಚಿಮಣಿ ಸದ್ದು ಮಾಡುತ್ತದೆಯೇ ಹೊರತು ಹೊಗೆಯನ್ನು ಎಳೆಯುವುದಿಲ್ಲ. ಬಾಣಲೆಯ ಉರಿ ಮೇಲೆದ್ದರೆ ಆ ಜಿಡ್ಡೇ ದೀಪದ ಬತ್ತಿ. ತಾನೇ ಶುಚಿಯಾಗುತ್ತದೆಂದು ಮಾರುವ ಮಾದರಿಗಳು ಮೋಟಾರಿನ ಎಣ್ಣೆಯನ್ನು ಒಂದಿಷ್ಟು ಬಟ್ಟಲಿಗೆ ಇಳಿಸುತ್ತವೆ, ನಳಿಕೆಯನ್ನು ತೊಳೆಯುವುದಿಲ್ಲ. ಹೊರಗೆ ನಳಿಕೆಯೇ ಇಲ್ಲದೆ ಇದ್ದಲಿನ ಸೋಸುಕದಿಂದ ಗಾಳಿಯನ್ನು ಮತ್ತೆ ಕೋಣೆಗೇ ಬಿಡುವ ಚಿಮಣಿಗಳು ವಾಸನೆಯನ್ನು ತಗ್ಗಿಸಬಹುದು, ಕಾರ್ಬನ್ ಮಾನಾಕ್ಸೈಡನ್ನು ತಡೆಯಲಾರವು. ಆ ಇದ್ದಲನ್ನು ತೊಳೆದು ಬಳಸುವಂತಿಲ್ಲ, ಕೆಲವು ತಿಂಗಳಿಗೊಮ್ಮೆ ಬದಲಿಸಲೇಬೇಕು. ಉಕ್ಕಿನ ಜಾಳಿಗೆಯನ್ನು ನಾವೇ ತಿಂಗಳಿಗೊಮ್ಮೆ ಬಿಸಿನೀರು, ಸೋಡಾಪುಡಿಗಳಲ್ಲಿ ನೆನೆಯಿಟ್ಟು ತೊಳೆಯಬಹುದು. ಗಂಡಸರಿಗೂ ಇದು ಅಸಾಧ್ಯವಾದ ಕೆಲಸವಲ್ಲವೆಂದು ಅನುಭವದಿಂದ ಬಲ್ಲೆ.

ನಳಿಕೆಗೆ, ಮೋಟಾರಿಗೆ, ಗೀಸರಿಗೆ ಮಾತ್ರ ತಿಳಿದವನೇ ಬೇಕು. ಪ್ರಮಾಣಪತ್ರವಿಲ್ಲದ ಕಸುಬಿನಲ್ಲಿ ತಿಳಿದವನನ್ನು ಗುರುತಿಸುವುದು ಹೇಗೆಂದು ಕೇಳಬಹುದು. ನಾನು ಈಗ ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಯಂತ್ರ ತಯಾರಿಸಿದವರ ಅಧಿಕೃತ ಸೇವಾಕೇಂದ್ರಕ್ಕೆ ನಾನೇ ಫೋನು ಮಾಡಿ, ಬರುವವನ ಗುರುತಿನ ಚೀಟಿಯನ್ನು ನೋಡುತ್ತೇನೆ. ಅನಿಲದ ಕೊಳವೆಯ ಕೆಲಸವಾದರೆ ಅನಿಲ ವಿತರಕರ ಮೆಕ್ಯಾನಿಕ್‌ನನ್ನೇ ಕರೆಸುತ್ತೇನೆ. ಬಂದವನು ಮೊದಲು ಕಿಟಕಿ ಎಲ್ಲಿದೆ, ನಳಿಕೆ ಎಲ್ಲಿ ಹೊರಬೀಳುತ್ತದೆ ಎಂದು ಕೇಳಿದರೆ ನನ್ನ ವಿಶ್ವಾಸ ಅರ್ಧ ಗೆದ್ದಂತೆ. ಕೇಳದೆ ಬಟ್ಟೆ ತೆಗೆದು ಒರೆಸಲು ತೊಡಗಿದರೆ ಚಹಾ ಕೊಟ್ಟು ಕಳುಹಿಸುವುದು ಲೇಸು. ಕೆಲಸವಾದ ಮೇಲೆ ನನ್ನೆದುರಿಗೇ ಉರಿಸಿ ತೋರಿಸಬೇಕು. ಉರಿ ನೀಲಿಯಾಗಿರಬೇಕು, ಹಳದಿಯಾಗಿ ಕುಣಿದರೆ ಗಾಳಿ ಸಾಲದೆಂದೋ ಉರಿಮುಖ ಕಟ್ಟಿದೆಯೆಂದೋ ಅರ್ಥ. ಮಾಡಿದ್ದೇನು, ಬದಲಿಸಿದ್ದೇನು ಎಂದು ರಸೀದಿಯಲ್ಲಿ ಬರೆಸುತ್ತೇನೆ. ರಸೀದಿ ಕೇಳಿದಾಗ ಮುಖ ಸಿಂಡರಿಸುವವನಿಗಿಂತ ಕೇಳದೆಯೇ ಕೊಡುವವನಿಗೆ ಇನ್ನೂರು ಹೆಚ್ಚು ಕೊಡಲು ಈಗ ನನಗೆ ಬೇಸರವಿಲ್ಲ. ಜಿಡ್ಡಿನ ಕೆಲಸ ಮಾಡುವವನಿಗೆ ಕೈಗವಸು, ಏಣಿ ಹಿಡಿಯಲು ಒಬ್ಬ ಜೊತೆಗಾರ, ಇಷ್ಟಾದರೂ ಇರಬೇಕು. ಮೂರನೆಯ ಅಂತಸ್ತಿನ ಗಾಳಿಬಾವಿಗೆ ಬರಿಗಾಲಲ್ಲಿ ಇಳಿಯುವ ಹುಡುಗನನ್ನು ಕಂಡರೆ ನನಗೆ ಇಂಗ್ಲೆಂಡಿನ ಆ ಮಕ್ಕಳ ನೆನಪಾಗುತ್ತದೆ.

ಬಾಡಿಗೆಯ ಮನೆಗೆ ನಾವೇಕೆ ಖರ್ಚು ಮಾಡಬೇಕೆಂದು ಮಿತ್ರರೊಬ್ಬರು ವಾದಿಸಿದರು. ಮನೆಯ ಒಡೆಯರೇ ಮಾಡಿಸಬೇಕೆಂಬುದು ನ್ಯಾಯವೇ ಸರಿ. ಕರಾರಿನಲ್ಲಿ ಒಂದು ಸಾಲು ಸೇರಿಸಲು ಒತ್ತಾಯಿಸಿ. ಆದರೆ ಒಡೆಯರು ಒಪ್ಪುವ ತನಕ ಉಸಿರಾಡುವವರು ನಾವು. ಬಚ್ಚಲೊಳಗೆ ಅನಿಲದ ಗೀಸರ್ ಇದ್ದರೆ ಅದನ್ನು ಹೊರಗೆ ಸ್ಥಳಾಂತರಿಸಿ; ಸಾಧ್ಯವಾಗದಿದ್ದರೆ ವಿದ್ಯುತ್ತಿನದನ್ನು ಹಾಕಿಸಿ. ನಾನು ಹಾಗೆಯೇ ಮಾಡಿದೆ. ಕ್ರಿಸ್‌ಮಸ್ ರಜೆಗೆ ಡಾರ್ಜಿಲಿಂಗಿಗೆ ಹೋಗುವವರು, ಊರಿಗೆ ಹೋದಾಗ ಮಡಿಕೇರಿಯ ತೋಟದ ಬಂಗಲೆಗಳಲ್ಲಿ ತಂಗುವವರು, ಅಗ್ಗಿಷ್ಟಿಕೆ ಹೊತ್ತಿಸುವ ಮೊದಲು ಅದರ ಚಿಮಣಿಯನ್ನು ಯಾವಾಗ ಗುಡಿಸಿದರೆಂದು ಸಂಕೋಚವಿಲ್ಲದೆ ಕೇಳಿ. ಇದ್ದಲಿನ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳಲೇಬೇಡಿ, ಎಷ್ಟೇ ಚಳಿಯಿರಲಿ.

ನಮ್ಮ ಸಂಘ ಪ್ರತಿವರ್ಷ ರಕ್ತದಾನ ಮತ್ತು ನೇತ್ರತಪಾಸಣೆಯ ಶಿಬಿರಗಳನ್ನು ನಡೆಸುತ್ತದೆ. ಅದರ ಜೊತೆಗೆ, ಸದಸ್ಯರು ತಾವು ಕರೆಸಿ ತೃಪ್ತರಾದ ಕೆಲಸಗಾರರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಏರ್ಪಾಡನ್ನು ಕಾರ್ಯದರ್ಶಿಗಳು ಮಾಡಬೇಕೆಂದು ವಿನಂತಿಸುತ್ತೇನೆ. ಹೊಸದಾಗಿ ವರ್ಗವಾಗಿ ಬರುವ ತರುಣರಿಗೆ, ಬಂಗಾಳಿ ಬಾರದವರಿಗೆ, ಒಂಟಿಯಾಗಿರುವ ಹಿರಿಯರಿಗೆ ಅದರಿಂದ ಉಪಕಾರವಾದೀತು. ಖರ್ಚು ಒಂದು ನೋಟುಪುಸ್ತಕದ್ದು ಮಾತ್ರ. ಮೊದಲನೆಯ ಹೆಸರನ್ನು ನಾನೇ ಬರೆಯಲು ಸಿದ್ಧನಿದ್ದೇನೆ.

ಅಜ್ಜಿಯ ತಿಥಿಯನ್ನೇ ನಾನು ಹಿಡಿದಿದ್ದೇನೆ. ಇಲ್ಲಿನವರು ಕಾಳಿಪೂಜೆಯ ಸಿದ್ಧತೆಯಲ್ಲಿರುವಾಗ, ನೀರು ತುಂಬುವ ಹಬ್ಬಕ್ಕೆ ಒಂದೆರಡು ದಿನ ಮೊದಲು, ನಮ್ಮ ಮನೆಗೆ ಚಿಮಣಿಯ ಕೆಲಸದವನು ಬರುತ್ತಾನೆ. ಅದೇ ಸಂಜೆ ತೀರ್ಥಹಳ್ಳಿಯಿಂದ ಫೋನು ಬರುತ್ತದೆ. ಹಬ್ಬಕ್ಕೆ ಏನು ಮಾಡುತ್ತೀರಿ, ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುತ್ತೀರಾ ಎಂದೆಲ್ಲ ವಿಚಾರಿಸಿ, ಕೊನೆಯಲ್ಲಿ ತಾಯಿ ತಪ್ಪದೆ ಕೇಳುವ ಮಾತು ಒಂದಿದೆ: “ಬಚ್ಚಲ ಕಿಟಕಿ ತೆಗೆದಿಟ್ಟಿದೀಯೇನೋ, ತಮ್ಮಾ?”